‘ನೀರು ಶೇ 38 ಉಳಿತಾಯ’ ಅನ್ನೋ ಕಮಿಟಿ ವರದಿ: ಈ ಲೆಕ್ಕ ಎಷ್ಟರ ಮಟ್ಟಿಗೆ ನಂಬಬಹುದು?

ವರ್ತೂರು_ಬಿ_ಬ್ಲಾಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವರ್ತೂರು ಕಡೆ 216 ಫ್ಲಾಟ್‌ಗಳ ಅಪಾರ್ಟ್‌ಮೆಂಟ್. ಬರೋ ಭಾನುವಾರ ಜನರಲ್ ಬಾಡಿ ಮೀಟಿಂಗ್. ಫ್ಲಾಟಿಗೆ 9,500 ರೂ. ವಸೂಲಿ ಮಾಡಿ ಸ್ಮಾರ್ಟ್ ವಾಟರ್ ಮೀಟರ್ ಹಾಕಿಸೋ ಪ್ರಸ್ತಾವ ಇದೆ. ಅದಕ್ಕೆ ಆಧಾರ ಅಂತ ಕಮಿಟಿಯವರು ಎರಡು ಪುಟದ ವರದಿ ಗ್ರೂಪಿಗೆ ಹಾಕಿದ್ದಾರೆ. ಮುಖ್ಯ ಅಂಶಗಳು ಇಷ್ಟು:

1. ಏಪ್ರಿಲ್‌ನಲ್ಲಿ ಎಲ್ಲ ನಲ್ಲಿಗಳಿಗೂ ಏರೇಟರ್ (ನಲ್ಲಿಯ ಬಾಯಿಗೆ ಹಾಕೋ, ನೀರಿನ ಹರಿವು ತಗ್ಗಿಸೋ ಜಾಲರಿ) ಹಾಕಿಸಿದ್ದರು. ಮಾರ್ಚ್‌ನಲ್ಲಿ 12,000 ಲೀಟರಿನ ಟ್ಯಾಂಕರ್ 310 ಲೋಡ್ ಬಂದಿತ್ತು, ಜುಲೈನಲ್ಲಿ 192. ಹಾಗಾಗಿ ‘ನೀರಿನ ಬಳಕೆ ಶೇ 38 ಇಳಿಕೆ’.
2. ಲೋಡಿಗೆ 1,200 ರೂ. ಹಿಡಿದರೆ ಪ್ರತಿ ಫ್ಲಾಟಿಗೆ ತಿಂಗಳಿಗೆ 655 ರೂ. ಉಳಿತಾಯ. ಮೀಟರಿನ ದುಡ್ಡು ಹದಿನೈದು ತಿಂಗಳೊಳಗೆ ವಾಪಸ್.
3. ಗೂಗಲ್ ಫಾರ್ಮ್ ಸಮೀಕ್ಷೆಯಲ್ಲಿ ‘ಶೇ 82 ನಿವಾಸಿಗಳ ಬೆಂಬಲ’. ಉತ್ತರ ಕೊಟ್ಟವರು 74, ಹೌದು ಅಂದವರು 61. ಪ್ರಶ್ನೆ ಇದ್ದದ್ದು ಹೀಗೆ: ‘ನೀರು ಉಳಿಸಿ ಮೆಂಟೆನೆನ್ಸ್ ಕಡಿಮೆ ಮಾಡುವ ಸ್ಮಾರ್ಟ್ ಮೀಟರ್ ಯೋಜನೆಯನ್ನು ನೀವು ಬೆಂಬಲಿಸುತ್ತೀರಾ?’
4. ಮೀಟರ್ ಕಂಪನಿಯ ಬ್ರೋಷರ್: ‘ನಮ್ಮ ಗ್ರಾಹಕರು ಶೇ 35ರವರೆಗೆ ನೀರು ಉಳಿಸಿದ್ದಾರೆ.’

ಒಂದು ಬಾರ್ ಗ್ರಾಫ್ ಕೂಡ ಇದೆ. ಅದರಲ್ಲಿ ಮಾರ್ಚ್ ಕಂಬ ಬೆಟ್ಟದಷ್ಟಿದೆ, ಜುಲೈ ಕಂಬ ನೆಲಕ್ಕೆ ಅಂಟಿದೆ. ಎಡಗಡೆ ಅಳತೆ 180ರಿಂದ ಶುರು.

ಕಮಿಟಿಯವರ ಮೇಲೆ ಅನುಮಾನ ಏನಿಲ್ಲ, ಒಳ್ಳೇ ಉದ್ದೇಶಕ್ಕೇ ಓಡಾಡ್ತಿದ್ದಾರೆ. ಆದರೆ 216 ಮನೆಯಿಂದ 20 ಲಕ್ಷದ ಮೇಲೆ ಎತ್ತೋ ವಿಷಯ. ಯಾವ್ಯಾವ ಅಂಕಿ ಗಟ್ಟಿ, ಯಾವುದು ಟೊಳ್ಳು, ಏನು ಕೇಳಬೇಕು? ತಿಳಿದವರು ಹೇಳಿ.

---

ಛೇದ_ಎಲ್ಲಿದೆ

ವರದಿಯಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ. 310ರಲ್ಲಿ 118 ಕಡಿಮೆಯಾದರೆ ಶೇ 38 ಬಂದೇ ಬರುತ್ತೆ. ಎಡವಟ್ಟಾಗಿರೋದು ಆ ಅಂಕಿಗೆ ಇಟ್ಟ ಹೆಸರಲ್ಲಿ. ಇಳಿದಿರೋದು ಟ್ಯಾಂಕರ್ ಸಂಖ್ಯೆ. ನೀರಿನ ಬಳಕೆ ಎಷ್ಟು ಇಳಿದಿದೆ ಅನ್ನೋದನ್ನ ಈ ವರದಿ ಅಳೆದೇ ಇಲ್ಲ.

ಟ್ಯಾಂಕರ್ ಅಂದರೆ ಬೋರ್‌ವೆಲ್ಲೂ ಕಾವೇರಿ ಲೈನೂ ಸೇರಿ ಸಾಲದೇ ಬಿದ್ದಷ್ಟು ನೀರು. ಮಾರ್ಚ್‌ನಲ್ಲಿ ಬೋರ್ ಬತ್ತಿರುತ್ತೆ, ಜುಲೈ ಹೊತ್ತಿಗೆ ಮುಂಗಾರು ಹಿಡಿದು ಒಂದಿಷ್ಟು ಏರಿರುತ್ತೆ. ಲೆಕ್ಕ ಹಾಕಿ ನೋಡಿ. ಮಾರ್ಚ್: 310 × 12,000 = 37.2 ಲಕ್ಷ ಲೀಟರ್. ಜುಲೈ: 192 × 12,000 = 23.04 ಲಕ್ಷ. ಜುಲೈನಲ್ಲಿ ನಿಮ್ಮ ಬೋರ್‌ಗಳು ದಿನಕ್ಕೆ ಬರೀ 30,000 ಲೀಟರ್ ಕೊಟ್ಟಿವೆ, ಮಾರ್ಚ್‌ನಲ್ಲಿ ಸೊನ್ನೆ ಅಂತಲೇ ಇಟ್ಟುಕೊಳ್ಳಿ. 31 ದಿನಕ್ಕೆ 9.3 ಲಕ್ಷ ಲೀಟರ್ ಆಯ್ತು, ಅಂದರೆ 77 ಲೋಡಿಗೂ ಸ್ವಲ್ಪ ಜಾಸ್ತಿ. 118ರಲ್ಲಿ ಅಷ್ಟು ಮಳೆಯ ಖಾತೆಗೆ ಹೋಗುತ್ತೆ. ಒಟ್ಟು ಬಳಕೆ 37.2ರಿಂದ 32.34 ಲಕ್ಷಕ್ಕೆ ಬಂದಂತೆ, ಇಳಿಕೆ ಶೇ 13. ಫ್ಲಾಟಿಗೆ 655 ರೂ. ಇದ್ದದ್ದು 225 ಆಗುತ್ತೆ, 9,500 ವಾಪಸ್ ಬರೋಕೆ 42 ತಿಂಗಳು ಬೇಕು. 30,000 ಅನ್ನೋದು ನಾನು ಉದಾಹರಣೆಗೆ ಹಿಡಿದ ಅಂಕಿ. ನಿಜವಾದದ್ದು ಪಂಪ್ ಆಪರೇಟರ್ ಬರೆಯೋ ಲಾಗ್ ಪುಸ್ತಕದಲ್ಲಿರುತ್ತೆ. ಬೋರ್ ಲೈನಿಗೆ ಮೀಟರ್ ಇಲ್ಲದಿದ್ದರೆ ಪಂಪ್ ಓಡಿದ ಗಂಟೆ ನೋಡಿ. ಒಂದು ಸಲ ನೀರನ್ನ ಸಂಪಿಗೆ (ನೆಲದಡಿಯ ತೊಟ್ಟಿಗೆ) ಬಿಟ್ಟು, ಗಂಟೆಗೆ ಎಷ್ಟು ಇಂಚು ಏರುತ್ತೆ ಅಂತ ಅಳೆದು ಗುಣಿಸಿದರೆ ಸಾಕು.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯ್ತಲ್ಲ, 110 ಹಳ್ಳಿಗಳ ಕಡೆಗೆ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಮಾರ್ಚ್-ಜುಲೈ ನಡುವೆ ನಿಮಗೆ ಆ ಕನೆಕ್ಷನ್ ಸಿಕ್ಕಿದ್ದರೆ ಟ್ಯಾಂಕರ್ ಹೋಲಿಕೆಯನ್ನ ಹಾಗೇ ಪಕ್ಕಕ್ಕಿಡಿ. ಜಲಮಂಡಳಿ ಬಿಲ್ಲಿನ ರೀಡಿಂಗ್ ಕೂಡಿಸದೆ ಏನೂ ಹೇಳೋಕಾಗಲ್ಲ.

ಇನ್ನೊಂದು: ವರ್ಷದ ಅತಿ ಕೆಟ್ಟ ತಿಂಗಳನ್ನ ಆಧಾರ ಮಾಡಿಕೊಂಡರೆ ಆಮೇಲಿನ ಯಾವ ತಿಂಗಳಾದ್ರೂ ಚೆನ್ನಾಗೇ ಕಾಣುತ್ತೆ, ಏರೇಟರ್ ಹಾಕಿದ್ರೂ ಅಷ್ಟೇ ಹಾಕದಿದ್ರೂ ಅಷ್ಟೇ. ಹೋಲಿಸೋದಾದ್ರೆ ಹೋದ ವರ್ಷದ ಜುಲೈಗೆ ಈ ವರ್ಷದ ಜುಲೈ.

ಲೋಡಿಗೆ 1,200 ಅನ್ನೋದೂ ಅನುಮಾನ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ಪಟ್ಟಿಯಲ್ಲಿ 12,000 ಲೀಟರಿಗೆ 5 ಕಿ.ಮೀ. ಒಳಗೆ 1,000, 5ರಿಂದ 10 ಕಿ.ಮೀ.ಗೆ 1,200 ಅಂತ ಇತ್ತು. ಆ ಪಟ್ಟಿಯಿಂದ ಎತ್ತಿದ ದರವೋ, ನಿಜಕ್ಕೂ ಕೊಟ್ಟ ದುಡ್ಡೋ? ಚೀಟಿಗಳನ್ನ ಕೇಳಿ.

---

ಬಾರ್_ಚಾರ್ಟ್

ಗ್ರಾಫ್ ಬಗ್ಗೆ ಮಾತ್ರ ಹೇಳ್ತೀನಿ. 180ರಿಂದ ಶುರು ಮಾಡಿದರೆ ಮಾರ್ಚ್ ಕಂಬದ ಎತ್ತರ 130, ಜುಲೈದು 12. ಕಣ್ಣಿಗೆ ಹನ್ನೊಂದು ಪಟ್ಟು ಹತ್ತಿರದ ವ್ಯತ್ಯಾಸ. ನಿಜವಾದ ಅನುಪಾತ 1.6. ಕಂಬದ ಚಿತ್ರದಲ್ಲಿ ಕಣ್ಣು ಅಳೆಯೋದು ಉದ್ದವನ್ನೇ, ಅದಕ್ಕೆ ಅದು ಸೊನ್ನೆಯಿಂದಲೇ ಶುರುವಾಗಬೇಕು. ಗೆರೆಯ ಗ್ರಾಫಿಗೆ ಈ ನಿಯಮ ಇಲ್ಲ. ಬೆಂಗಳೂರಿನ ತಾಪಮಾನವನ್ನ ಸೊನ್ನೆಯಿಂದ ಬರೆದರೆ ವರ್ಷವಿಡೀ ಸಪಾಟಾಗಿ ಕಾಣುತ್ತೆ, ಅದೂ ಒಂದು ಥರ ಮೋಸವೇ.

ಬೇಕಂತಲೇ ಮಾಡಿದ್ದಾರೆ ಅಂತ ಅಂದ್ಕೋಬೇಡಿ. ಸ್ಪ್ರೆಡ್‌ಶೀಟ್ ತಂತ್ರಾಂಶಗಳು ಎಷ್ಟೋ ಸಲ ಅಳತೆಯ ಶುರುವನ್ನ ತಾವೇ ಆರಿಸಿಬಿಡುತ್ತವೆ. ಆಕ್ಸಿಸ್ ಸೆಟ್ಟಿಂಗ್‌ಗೆ ಹೋಗಿ ಕನಿಷ್ಠ ಬೆಲೆ 0 ಮಾಡಿ ಅಂತ ಹೇಳಿ, ಅರ್ಧ ನಿಮಿಷದ ಕೆಲಸ. ಎರಡೇ ತಿಂಗಳ ಬದಲು 24 ತಿಂಗಳು ಹಾಕಿಸಿ. ಜಗಳ ಅಲ್ಲೇ ಅರ್ಧ ಮುಗಿಯುತ್ತೆ.

---

ಸ್ಯಾಂಪಲ್_ಮೈಸೂರುರಸ್ತೆ

ಸಮೀಕ್ಷೆಯ ವಿಚಾರಕ್ಕೆ ಬರೋಣ. 74ರಲ್ಲಿ 61 ಅಂದರೆ ಶೇ 82, ನಿಜ. 216ರಲ್ಲಿ 61 ಅಂದರೆ ಶೇ 28, ಅದೂ ನಿಜ. ಉತ್ತರಿಸದ 142 ಮನೆಯವರೆಲ್ಲ ಬೇಡ ಅಂದರೆ ಬೆಂಬಲ ಶೇ 28, ಎಲ್ಲರೂ ಬೇಕು ಅಂದರೆ ಶೇ 94. ಈ ಫಾರ್ಮಿನಿಂದ ಖಚಿತವಾಗಿ ಹೇಳಬಹುದಾದ್ದು ಇಷ್ಟೇ: ನಿಜ 28ಕ್ಕೂ 94ಕ್ಕೂ ನಡುವೆ ಎಲ್ಲೋ ಇದೆ. ಅದೂ ಒಂದು ಫ್ಲಾಟಿಗೆ ಒಂದೇ ಉತ್ತರ ಅನ್ನೋ ಮಿತಿ ಇದ್ದಿದ್ದರೆ ಮಾತ್ರ. ಗಂಡ-ಹೆಂಡತಿ ಇಬ್ಬರೂ ತುಂಬಿದ್ದಾರಾ, ಬಾಡಿಗೆಯವರು ತುಂಬಿದ್ದಾರಾ (ದುಡ್ಡು ಕಟ್ಟೋರು ಮಾಲೀಕರು), ಇದನ್ನೂ ನೋಡಬೇಕು.

ತಾವಾಗಿ ಮುಂದೆ ಬಂದು ಉತ್ತರಿಸೋರು ಉಳಿದವರ ಥರ ಇರಲ್ಲ. ಇದಕ್ಕೆ ಅಮೆರಿಕದ 1936ರ ಚುನಾವಣೆ ಹಳೇ ಪಾಠ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಮತಪತ್ರ ಕಳಿಸಿತು, 23 ಲಕ್ಷದಷ್ಟು ವಾಪಸ್ ಬಂದವು. ಅಷ್ಟು ದೊಡ್ಡ ರಾಶಿ ಇಟ್ಟುಕೊಂಡು ಲ್ಯಾಂಡನ್ ಗೆಲ್ತಾರೆ ಅಂದಿತು. ಗೆದ್ದದ್ದು ರೂಸ್‌ವೆಲ್ಟ್, ಸುಮಾರು ಶೇ 61 ಮತ ಪಡೆದು. ಲ್ಯಾಂಡನ್‌ಗೆ ದಕ್ಕಿದ್ದು ಎರಡೇ ರಾಜ್ಯ. ಹೆಸರುಗಳನ್ನ ಎತ್ತಿದ್ದು ಫೋನು-ಕಾರು ಇದ್ದವರ ಪಟ್ಟಿಗಳಿಂದ, ವಾಪಸ್ ಕಳಿಸೋ ಉತ್ಸಾಹವಿದ್ದವರೂ ಒಂದು ಕಡೆಯವರೇ ಹೆಚ್ಚು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡ ಜಾರ್ಜ್ ಗ್ಯಾಲಪ್ ಅನ್ನೋ ಸಮೀಕ್ಷಕ ಗೆದ್ದವರನ್ನ ಸರಿಯಾಗಿ ಹೇಳಿದ. ಹಾಗಾಗಿ ‘74 ಸಣ್ಣ ಸಂಖ್ಯೆ’ ಅಂತ ಮೀಟಿಂಗಲ್ಲಿ ವಾದ ಮಾಡಬೇಡಿ. 74 ಸಾಕಷ್ಟು ದೊಡ್ಡದು. ಆ 74 ಹೇಗೆ ಆಯ್ಕೆಯಾದವು ಅನ್ನೋದೇ ಪ್ರಶ್ನೆ.

ಸರಿಯಾಗಿ ಮಾಡೋದು ಕಷ್ಟವೇನಲ್ಲ. ಫ್ಲಾಟ್ ನಂಬರ್‌ಗಳನ್ನ ಶೀಟಿನಲ್ಲಿ ಒಂದು ಕಾಲಂ ಮಾಡಿ, ಪಕ್ಕದ ಕಾಲಮ್ಮಿನಲ್ಲಿ ರ‍್ಯಾಂಡಮ್ ಸಂಖ್ಯೆ ಹಾಕಿ, ಅದನ್ನ ‘ಪೇಸ್ಟ್ ವ್ಯಾಲ್ಯೂಸ್’ ಮಾಡಿ (ಇಲ್ಲದಿದ್ರೆ ಪ್ರತಿ ಸಲ ಬದಲಾಗುತ್ತೆ), ಆ ಕಾಲಂ ಪ್ರಕಾರ ಸಾರ್ಟ್ ಮಾಡಿ, ಮೇಲಿನ 80 ಫ್ಲಾಟ್ ತಗೊಳ್ಳಿ. 216ರಲ್ಲಿ 80 ಮನೆ ಕೇಳಿದರೆ ತಪ್ಪಿನ ಅಂತರ ಹೆಚ್ಚೂಕಡಿಮೆ ಶೇ 9, ಆ ಕಡೆಗೂ ಈ ಕಡೆಗೂ. 50 ಮನೆಗೆ ಶೇ 12. ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆ ಬೆಲ್ ಒತ್ತಬೇಡಿ. ಎಲ್ಲರೂ ಮಾಡೋ ತಪ್ಪು ಇದೇ, ಹಾಗೆ ಮಾಡಿದರೆ ಹಗಲು ಮನೆಯಲ್ಲಿರೋರೇ ತುಂಬಿಕೊಳ್ತಾರೆ. ಅದೇ ಮನೆಗೆ ಬೇರೆ ಬೇರೆ ಹೊತ್ತಲ್ಲಿ ಮೂರು ಸಲ ಹೋಗಿ, ಒಮ್ಮೆ ಭಾನುವಾರ ಬೆಳಗ್ಗೆ. ಆಗಲೂ ಸಿಗದಿದ್ದರೆ ಮಾಲೀಕರಿಗೆ ಫೋನ್ ಮಾಡಿ. ನಿಜ ಹೇಳಬೇಕಂದ್ರೆ 216ಕ್ಕೆ ಸ್ಯಾಂಪಲ್ಲೇ ಬೇಡ, ಬ್ಲಾಕಿಗೆ ಇಬ್ಬರು ವಾಲಂಟಿಯರ್ ಇದ್ದರೆ ಎಲ್ಲ ಮನೆಯನ್ನೂ ಎರಡು ವಾರಾಂತ್ಯದಲ್ಲಿ ಮುಗಿಸಬಹುದು.

ಪ್ರಶ್ನೆಯ ಒಳಗೇ ಉತ್ತರ ಇಟ್ಟಿದ್ದಾರೆ. ನೀರು ಉಳಿಸಿ ಖರ್ಚು ಇಳಿಸೋದು ಬೇಡ ಅಂತ ಯಾರು ತಾನೇ ಹೇಳ್ತಾರೆ? ಹೀಗೆ ಕೇಳಿ ನೋಡಿ: ‘ಪ್ರತಿ ಫ್ಲಾಟಿಗೆ 9,500 ರೂ. ವೆಚ್ಚದಲ್ಲಿ ನೀರಿನ ಮೀಟರ್ ಅಳವಡಿಸುವ ಪ್ರಸ್ತಾವ ಇದೆ. ನಿಮ್ಮ ಅಭಿಪ್ರಾಯ: ಬೇಕು / ಬೇಡ / ಇನ್ನೂ ಮಾಹಿತಿ ಬೇಕು.’ ಮೂರನೇ ಆಯ್ಕೆ ಬಿಡಬೇಡಿ.

---

ಸುಮ್ನೆ_ನೋಡ್ತಿದ್ದೆ

ಬಿಡಿ ಸ್ವಾಮಿ, ಅಂಕಿಅಂಶ ಅಂದ್ರೇನೇ ಹಿಂಗೆ. ಯಾರಿಗೆ ಹೆಂಗೆ ಬೇಕೋ ಹಂಗೆ ತಿರುಗಿಸ್ಕೋಬಹುದು. ಕಮಿಟಿಯೋರು 38 ಅಂದ್ರು, ನೀವು 13 ಅಂತೀರ, ನಾಳೆ ಇನ್ನೊಬ್ರು 50 ಅಂತಾರೆ. ಮೀಟಿಂಗಲ್ಲಿ ಕೈ ಎತ್ತಿ ತೀರ್ಮಾನ ಮಾಡ್ಕೊಳ್ಳಿ.

---

ಛೇದ_ಎಲ್ಲಿದೆ

ಹಂಗಲ್ಲ ಸಾರ್. 50 ಅನ್ನೋರು ಲಾಗ್ ಪುಸ್ತಕ ತೋರಿಸಬೇಕಾಗುತ್ತೆ. 38ಕ್ಕೂ 13ಕ್ಕೂ ಎಲ್ಲಿ ವ್ಯತ್ಯಾಸ ಬಂತು, ಯಾವ 77 ಲೋಡಿನ ಮೇಲೆ ತಕರಾರು ಅಂತ ಬೊಟ್ಟು ಮಾಡಿ ತೋರಿಸೋಕಾಯ್ತಲ್ಲ, ಅಂಕಿ ಇಲ್ಲದ ವಾದದಲ್ಲಿ ಅದು ಆಗಲ್ಲ. ‘ಎಲ್ಲಾ ಅಂಕಿಯೂ ಬೋಗಸ್’ ಅಂದುಬಿಟ್ಟರೆ ಲಾಭ ಆಗೋದು ಬೋಗಸ್ ಅಂಕಿ ತಂದವರಿಗೇ.

---

ಪೈಪ್_ಅಂಡ್_ಫಿಟ್ಟಿಂಗ್

ಮೇಲಿನವರೆಲ್ಲ ಒಂದು ದೊಡ್ಡ ತೂತನ್ನ ದಾಟಿಕೊಂಡು ಹೋಗಿದ್ದೀರಿ. ಉಳಿತಾಯ ಆಗಿದ್ದು ಏರೇಟರಿಂದ. ದುಡ್ಡು ಕೇಳ್ತಿರೋದು ಮೀಟರಿಗೆ! ಏರೇಟರ್ ಆಗಲೇ ಕೂತಿದೆ, ಅದರ ಉಳಿತಾಯ ಮೀಟರ್ ಹಾಕದಿದ್ದರೂ ಬರ್ತಾನೇ ಇರುತ್ತೆ. ಆ 655 ರೂಪಾಯೀನ ಮೀಟರಿನ ಖಾತೆಗೆ ಬರೆದಿದ್ದು ಹೇಗೆ? ಹದಿನೈದು ತಿಂಗಳ ಲೆಕ್ಕ ಅಲ್ಲೇ ಬಿದ್ದುಹೋಯ್ತು. ಮೀಟರಿನಿಂದ ಎಷ್ಟು ಅನ್ನೋದಕ್ಕೆ ಇಡೀ ವರದಿಯಲ್ಲಿರೋದು ಬ್ರೋಷರಿನ ‘ಶೇ 35ರವರೆಗೆ’ ಅನ್ನೋ ಒಂದು ಸಾಲು. ‘ವರೆಗೆ’ ಅಂದರೆ ಒಬ್ಬ ಗ್ರಾಹಕನಿಗೆ 35 ಬಂದು ಉಳಿದವರಿಗೆಲ್ಲ 3 ಬಂದಿದ್ದರೂ ವಾಕ್ಯ ಸತ್ಯವೇ. ಅವರು ಮೀಟರ್ ಹಾಕಿದ ಎಲ್ಲ ಅಪಾರ್ಟ್‌ಮೆಂಟ್‌ಗಳ ಪಟ್ಟಿ ಕೇಳಿ, ಉಳಿತಾಯದ ಮಧ್ಯಾಂಕ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರೋ ಅಂಕಿ) ಎಷ್ಟು ಅಂತ ಕೇಳಿ. ಬ್ರೋಷರಿಗೆ ಬರೋದು ಚೆನ್ನಾಗಿ ನಡೆದವು ಮಾತ್ರ. ಹಾಕಿಸಿ ಕಿತ್ತೆಸೆದವರ ಫೋಟೋ ಅಲ್ಲಿ ಇರಲ್ಲ.

ಏರೇಟರ್ ಬಗ್ಗೂ ಒಂದು ಮಾತು. ಡಬ್ಬಿ ಮೇಲೆ ಬರೆದಿರೋ ಶೇಕಡಾ ಹರಿವಿನದು, ಬಳಕೆಯದಲ್ಲ. ನಲ್ಲಿಯಿಂದ ನಿಮಿಷಕ್ಕೆ 12 ಲೀಟರ್ ಬರ್ತಿದ್ದದ್ದು 4 ಆಗಬಹುದು. ಕೈ ತೊಳೆಯೋಕೆ, ಪಾತ್ರೆ ಅಲುಬೋಕೆ ಅದು ಉಳಿತಾಯವೇ. 20 ಲೀಟರಿನ ಬಕೆಟ್ ತುಂಬೋಕೆ ಮಾತ್ರ 20 ಲೀಟರೇ ಬೇಕು, ನಿಧಾನ ಆಗುತ್ತೆ ಅಷ್ಟೆ. ಬಕೆಟ್ ಸ್ನಾನ, ವಾಷಿಂಗ್ ಮೆಷಿನ್, ಓವರ್‌ಹೆಡ್ ಟ್ಯಾಂಕ್ ಲೀಕು, ಇವಕ್ಕೆಲ್ಲ ಏರೇಟರ್ ಲೆಕ್ಕಕ್ಕೇ ಇಲ್ಲ. ಫ್ಲಶ್ಶಿಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸೋ ಘಟಕ) ನೀರಿನ ಬೇರೆ ಲೈನ್ ಇದ್ದರೆ ಅದು ಟ್ಯಾಂಕರ್ ಲೆಕ್ಕದಲ್ಲಿ ಬರೋದೂ ಇಲ್ಲ.

ಆಮೇಲೆ, 9,500 ಒಂದು ಮೀಟರಿಗೋ ಒಂದು ಫ್ಲಾಟಿಗೋ? ಸುಮಾರು ಕಟ್ಟಡಗಳಲ್ಲಿ ಒಂದು ಫ್ಲಾಟಿಗೆ ನೀರು ಒಂದೇ ಕಡೆಯಿಂದ ಬರಲ್ಲ. ಅಡುಗೆಮನೆ, ಯುಟಿಲಿಟಿ, ಎರಡು ಬಾತ್‌ರೂಮು, ಒಂದೊಂದಕ್ಕೂ ಒಂದೊಂದು ಶಾಫ್ಟಿಂದ ಇನ್ಲೆಟ್. ನಾಲ್ಕು ಇನ್ಲೆಟ್ ಇದ್ದರೆ ನಾಲ್ಕು ಮೀಟರ್, 38,000 ಆಗುತ್ತೆ. ಕೊಟೇಶನ್ನಿನ ಸಣ್ಣ ಅಕ್ಷರ ಓದಿ.

---

ಅರವತ್ತಡಿ_ರಸ್ತೆ

ಮೀಟರ್ ಹಾಕಿಸಿದರೆ ಮುಂದೆ ಬರೋ ತೊಂದರೆ ಈಗಲೇ ಹೇಳಿಬಿಡ್ತೀನಿ. ನೋಟಿಸ್ ಬೋರ್ಡಿನಲ್ಲಿ ‘ಸರಾಸರಿಗಿಂತ ಹೆಚ್ಚು ಬಳಸುವ ಮನೆಗಳು’ ಅಂತ ಪಟ್ಟಿ ಅಂಟಿಸ್ತಾರೆ. ಹತ್ತು ಫ್ಲಾಟಿನ ತಿಂಗಳ ಬಳಕೆ ಸಾವಿರ ಲೀಟರ್‌ಗಳಲ್ಲಿ ಹೀಗಿದೆ ಅನ್ನಿ: 8, 8.5, 9, 9, 9.5, 10, 10, 11, 12, 38. ಸರಾಸರಿ 12.5. ಒಂಬತ್ತು ಮನೆಯವರು ಸರಾಸರಿಗಿಂತ ಕಡಿಮೆ, ಎಲ್ಲರೂ ಬೆನ್ನು ತಟ್ಟಿಕೊಳ್ತಾರೆ. ಮಧ್ಯಾಂಕ 9.75. ಆ 38ರ ಮನೆಯಲ್ಲಿ ಬಹುಶಃ ಎಲ್ಲೋ ವಾಲ್ವ್ ಸೋರ್ತಿದೆ, ಪ್ಲಂಬರ್ ಕಳಿಸಬೇಕು. ಆ ಒಂದು ಮನೆ ರಿಪೇರಿ ಆದರೆ ಸರಾಸರಿ ಹತ್ತರ ಆಸುಪಾಸಿಗೆ ಬೀಳುತ್ತೆ, ‘ಮೀಟರಿನಿಂದ ಶೇ 20 ಉಳಿತಾಯ’ ಅಂತ ಮುಂದಿನ ವರದಿ ಬರುತ್ತೆ. ಉಳಿದ ಒಂಬತ್ತು ಮನೆಯಲ್ಲಿ ಒಂದು ಚೊಂಬೂ ಕಡಿಮೆ ಆಗಿರಲ್ಲ.

ಫ್ಲಾಟ್ ಲೆಕ್ಕದಲ್ಲಿ ಹೋಲಿಸೋದೂ ಅನ್ಯಾಯ. ಅಜ್ಜ-ಅಜ್ಜಿ ಸೇರಿ ಆರು ಜನ ಇರೋ ಮನೆ 15,000 ಲೀಟರ್ ಬಳಸಿದರೆ ತಲೆಗೆ ದಿನಕ್ಕೆ 83 ಲೀಟರ್. ಒಬ್ಬರೇ ಇರೋ ಮನೆ 6,000 ಬಳಸಿದರೆ 200. ದೊಡ್ಡ ನಗರಗಳಿಗೆ ಅಂತ ಇರೋ ಮಾನದಂಡ 135. ಪಟ್ಟಿಯಲ್ಲಿ ಹೆಸರು ಬರೋದು ಮೊದಲನೇ ಮನೆಯದು!

---

ಹೊಸಕೆರೆಹಳ್ಳಿ_ಓದುಗ

ಛೇದದ ಮಾತು ಬಂದದ್ದಕ್ಕೆ ಕೇಳ್ತೀನಿ. ‘ಸೈಬರ್ ಅಪರಾಧ ಪ್ರಮಾಣದಲ್ಲಿ ಬೆಂಗಳೂರು ಮುಂದೆ’ ಅಂತ ಆಗಾಗ ಸುದ್ದಿ ಬರುತ್ತಲ್ಲ, ಅದೂ ಇದೇ ಜಾತಿನಾ?

---

ಸ್ಯಾಂಪಲ್_ಮೈಸೂರುರಸ್ತೆ

ಸ್ವಲ್ಪ ಮಟ್ಟಿಗೆ ಹೌದು. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿಗಳಲ್ಲಿ ಮಹಾನಗರಗಳ ‘ಲಕ್ಷಕ್ಕೆ ಎಷ್ಟು’ ಲೆಕ್ಕಕ್ಕೆ ಹಿಡಿದಿರೋದು 2011ರ ಜನಗಣತಿಯ ಜನಸಂಖ್ಯೆ, ಬೆಂಗಳೂರಿಗೆ 85 ಲಕ್ಷ. ಮೇಲಿನ ಅಂಕಿ ವರದಿಯ ವರ್ಷದ್ದು, ಕೆಳಗಿನ ಅಂಕಿ 2011ರದ್ದು. 8,500 ಪ್ರಕರಣ ಅಂದರೆ ಲಕ್ಷಕ್ಕೆ 100. ಅದೇ 8,500ನ್ನ 1.3 ಕೋಟಿಗೆ ಭಾಗಿಸಿದರೆ 65. ವೇಗವಾಗಿ ಬೆಳೆದ ಊರಿಗೆ ಹೊಡೆತ ಜಾಸ್ತಿ, ಬೆಳೆಯದ ಊರು ಬಚಾವ್.

ಇನ್ನೊಂದು, ಅದು ದಾಖಲಾದ ಪ್ರಕರಣಗಳ ಸಂಖ್ಯೆ. ಬೆಂಗಳೂರಲ್ಲಿ ಸೈಬರ್ ಅಪರಾಧ ನೋಡಿಕೊಳ್ಳೋ ಬೇರೆ ಠಾಣೆಗಳಿವೆ, ದೂರು ಬರೆಸಿಕೊಳ್ಳೋ ವ್ಯವಸ್ಥೆ ಇದ್ದ ಕಡೆ ದೂರು ಜಾಸ್ತಿ ಕಾಣುತ್ತೆ. ದಾಖಲೆ ಏರಿದ ಮಾತ್ರಕ್ಕೆ ಅಪರಾಧ ಏರಿತು ಅಂತ ತಿಳೀಬೇಡಿ ಅಂತ ಎನ್‌ಸಿಆರ್‌ಬಿಯೇ ವರದಿಯಲ್ಲಿ ಎಚ್ಚರಿಸುತ್ತೆ, ಸುದ್ದಿ ಮಾಡೋರು ಆ ಪುಟ ತಿರುವಲ್ಲ. ಹಾಗಂತ ಇಲ್ಲಿ ಸೈಬರ್ ವಂಚನೆ ಕಡಿಮೆ ಅಂತಲೂ ಇದರಿಂದ ಹೇಳೋಕೆ ಬರಲ್ಲ.

---

ವರ್ತೂರು_ಬಿ_ಬ್ಲಾಕ್

ತುಂಬಾ ಉಪಕಾರ ಆಯ್ತು. ಮೀಟರಿಗೆ ಬರೀ ವಿರೋಧ ಮಾಡಿ ಕೂರೋದು ಬೇಡ, ಪರೀಕ್ಷೆ ಮಾಡಿ ನೋಡೋಣ ಅನ್ನೋ ಪ್ರಸ್ತಾವ ಇಡಬೇಕು ಅಂತಿದ್ದೀನಿ. ಹೇಗೆ ಮಾಡೋದು?

---

ಛೇದ_ಎಲ್ಲಿದೆ

ಮೊದಲ ಎರಡು ತಿಂಗಳು ಯಾವ ಮನೆಗೂ ಮೀಟರ್ ಬೇಡ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯೋ ಮುಖ್ಯ ಡೌನ್‌ಟೇಕ್ ಪೈಪುಗಳಿಗೆ ಒಂದೊಂದು ಬಲ್ಕ್ ಮೀಟರ್ ಹಾಕಿಸಿ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ರೀಡಿಂಗ್ ಬರೆಸಿ. ದಿನದಿಂದ ದಿನಕ್ಕೆ ಬಳಕೆ ತಾನಾಗೇ ಎಷ್ಟು ಏರಿಳಿಯುತ್ತೆ ಅಂತ ಗೊತ್ತಾಗುತ್ತೆ. ಅದೇ ಶೇ 15 ಆಡ್ತಿದ್ದರೆ ಒಂದು ವಾರದ ಶೇ 8ರ ಇಳಿಕೆಗೆ ಅರ್ಥವಿಲ್ಲ.

ಆಮೇಲೆ ಪೈಪುಗಳಲ್ಲಿ ಅರ್ಧವನ್ನ ಎಲ್ಲರ ಮುಂದೆ ಚೀಟಿ ಎತ್ತಿ ಆರಿಸಿ, ಆ ಸಾಲಿನ ಮನೆಗಳಿಗೆ ಮಾತ್ರ ಮೂರು ತಿಂಗಳು ಸ್ಮಾರ್ಟ್ ಮೀಟರ್. ಬೇಕು ಅಂದವರ ಮನೆಗೇ ಹಾಕಿದರೆ ಕೆಟ್ಟಿತು, ಅವರು ಮೊದಲೇ ನೀರು ಹಿಡಿತದಲ್ಲಿ ಬಳಸೋರು. ಎರಡೂ ಗುಂಪಿನ ಇಳಿಕೆಯನ್ನ ಕಳೆಯಿರಿ: ಮೀಟರ್ ಇದ್ದ ಕಡೆ ಫ್ಲಾಟಿಗೆ 16,000 ಇದ್ದದ್ದು 14,000 ಆಯ್ತು, ಇಲ್ಲದ ಕಡೆ 15,500 ಇದ್ದದ್ದು 14,800 ಆಯ್ತು ಅಂದರೆ ಮೀಟರಿನ ಪಾಲು 2,000ದಲ್ಲಿ 700 ಕಳೆದು 1,300 ಲೀಟರ್, ಶೇ 8. ಮಳೆ, ಹಬ್ಬ, ಶಾಲೆ ರಜೆ ಎರಡೂ ಕಡೆಗೆ ಸಮ ಆಗಿರೋದರಿಂದ ಅವು ಕಳೆದುಹೋಗುತ್ತವೆ. ಇಡೀ ಎ ಬ್ಲಾಕಿಗೆ ಹಾಕಿ ಬಿ ಬ್ಲಾಕಿಗೆ ಬಿಡೋದು ಸುಲಭ, ಆದರೆ ಆಗ ನಿಮ್ಮ ಕೈಲಿರೋದು 216 ಫ್ಲಾಟಿನ ಸಾಕ್ಷಿ ಅಲ್ಲ, ಎರಡೇ ಬ್ಲಾಕಿನ ಸಾಕ್ಷಿ. ಒಂದು ಬ್ಲಾಕಲ್ಲಿ ಬಾಲ್‌ವಾಲ್ವ್ ಕೆಟ್ಟರೂ ಫಲಿತಾಂಶ ಉಲ್ಟಾ.

ಏನನ್ನ ಅಳೀತೀವಿ, ಯಾವ ತಿಂಗಳು, ಎಷ್ಟು ಶೇಕಡಾ ಬಂದರೆ ಮುಂದುವರಿತೀವಿ, ಇದನ್ನ ಶುರು ಮಾಡೋ ಮೊದಲೇ ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ. ಆಮೇಲೆ ಆರಿಸೋಕೆ ಹೋದರೆ ಐದು ತಿಂಗಳಲ್ಲಿ ಯಾವುದೋ ಒಂದು ಚೆನ್ನಾಗಿ ಕಂಡೇ ಕಾಣುತ್ತೆ.

---

ವರ್ತೂರು_ಬಿ_ಬ್ಲಾಕ್

ಆಫೀಸಿಂದ ಹಳೇ ಟ್ಯಾಂಕರ್ ಚೀಟಿ ತರಿಸಿದೆ. ಹೋದ ವರ್ಷ ಜುಲೈ 205 ಲೋಡ್, ಆಗ ಜನ ಇದ್ದ ಫ್ಲಾಟ್ 188. ಈ ವರ್ಷ 192 ಲೋಡ್, ಜನ ಇರೋದು 201 ಫ್ಲಾಟ್. ಕಾವೇರಿ ಕನೆಕ್ಷನ್ ಇನ್ನೂ ಬಂದಿಲ್ಲ.

---

ಛೇದ_ಎಲ್ಲಿದೆ

ಒಳ್ಳೇ ಕೆಲಸ ಮಾಡಿದ್ರಿ. ಬರೀ ಲೋಡ್ ನೋಡಿದರೆ ಇಳಿಕೆ ಶೇ 6. ಜನ ಇರೋ ಫ್ಲಾಟಿಗೆ ಭಾಗಿಸಿದರೆ 13,085 ಲೀಟರ್ ಇದ್ದದ್ದು 11,463 ಆಗಿದೆ, ಶೇ 12ಕ್ಕೂ ಸ್ವಲ್ಪ ಹೆಚ್ಚು. ಇದು ಕಮಿಟಿ ಪರವಾಗಿರೋ ಅಂಕಿ, ಅವರ 38ಕ್ಕಿಂತ ಗಟ್ಟಿ. ಭಾನುವಾರ ನೀವೇ ಇದನ್ನ ಎತ್ತಿ ಹೇಳಿ. ಇನ್ನು ಬೇಕಾಗಿರೋದು ಎರಡೂ ಜುಲೈನ ಬೋರ್ ಪಂಪ್ ಗಂಟೆಗಳು. ಈ ವರ್ಷ ಬೋರ್ ಜಾಸ್ತಿ ಓಡಿದ್ದರೆ 12 ಕೆಳಗಿಳಿಯುತ್ತೆ, ಕಡಿಮೆ ಓಡಿದ್ದರೆ ಮೇಲೇರುತ್ತೆ. ಲಾಗ್ ಪುಸ್ತಕದಲ್ಲಿ ಪುಟ ಹಾರಿದ್ದರೆ ಪಂಪಿನ ಕರೆಂಟ್ ಬಿಲ್ಲಿನ ಯೂನಿಟ್ ನೋಡಿ. ಬೋರ್ ಪಂಪಿಗೆ ಬೇರೆ ಕರೆಂಟ್ ಮೀಟರ್ ಇದ್ದರೆ ಅದರಲ್ಲೇ ಗೊತ್ತಾಗುತ್ತೆ.